ನೀನಿಲ್ಲದಿದ್ದರೆ ಆಟಕ್ಕೇನು ಕೊರತೆ?

ಅಭಿಮನ್ಯುವಿಗೆ ಚಕ್ರವ್ಯೂಹದ ಒಳಗೆ ನುಗ್ಗುವುದು ಗೊತ್ತಿತ್ತು, ಹೊರಗೆ ಬರುವುದು ಗೊತ್ತಿರಲಿಲ್ಲ. ಕರ್ಣನ ಹತ್ತಿರ ಇಂದ್ರ ಕೊಟ್ಟ ಶಕ್ತ್ಯಾಯುಧ ಇತ್ತು, ಆದರೆ ಅದನ್ನು ಬಳಸಬಹುದಾಗಿದ್ದು ಒಂದೇ ಸಲ. ಅಶ್ವತ್ಥಾಮನಿಗೆ ಮಹಾಸ್ತ್ರ ಬಿಡಲು ಬರುತ್ತಿತ್ತು, ಬಿಟ್ಟದ್ದನ್ನು ಹಿಂದಕ್ಕೆ ಕರೆಯಲು ಬರುತ್ತಿರಲಿಲ್ಲ. ಮೂವರೂ ವೀರರೇ. ಆದರೂ ಒಬ್ಬನ ಜಾಗದಲ್ಲಿ ಇನ್ನೊಬ್ಬನನ್ನು ನಿಲ್ಲಿಸಿ ಕಥೆ ಮುಂದುವರಿಸಿ ನೋಡಿ, ಆಗುವುದಿಲ್ಲ. ಯಾರ ತೋಳಲ್ಲಿ ಎಷ್ಟು ಬಲ ಎಂಬ ಲೆಕ್ಕ ನಮಗೆ ನೆನಪಿಲ್ಲ. ಯಾರಿಗೆ ಏನು ಬರುತ್ತಿತ್ತು, ಎಲ್ಲಿ ನಿಂತುಹೋಗುತ್ತಿತ್ತು ಎಂಬುದು ಮಾತ್ರ ಚೆನ್ನಾಗಿ ನೆನಪಿದೆ.

ನನಗೆ ಇದೆಲ್ಲ ಹೊಳೆದದ್ದು ಪುರಾಣ ಓದುವಾಗಲ್ಲ, ದಾಳ ಉರುಳಿಸುವಾಗ!

ನಾವು ಐದು ಜನ ಡಿಗ್ರಿ ಗೆಳೆಯರು. ರಾಮನಗರದ ನಮ್ಮ ಮನೆ ಮಹಡಿಯಲ್ಲಿ ಭಾನುವಾರ ಸೇರುತ್ತೇವೆ. ರಾಮನಗರದವರು ಇಬ್ಬರು, ಚನ್ನಪಟ್ಟಣದಿಂದ ಒಬ್ಬ ರೈಲಿನಲ್ಲಿ, ಕನಕಪುರದಿಂದ ಒಬ್ಬ ಬಸ್ಸಿನಲ್ಲಿ, ಮಾಗಡಿಯಿಂದ ಒಬ್ಬ ಬೈಕಿನಲ್ಲಿ. ಆಡುವುದು ‘ರೋಲ್ ಪ್ಲೇಯಿಂಗ್ ಗೇಮ್’. ಮೊಬೈಲ್ ಆಟ ಅಲ್ಲ, ಬೋರ್ಡೂ ಕಡ್ಡಾಯ ಅಲ್ಲ. ಒಬ್ಬರು ಕಥೆ ನಡೆಸುತ್ತಾರೆ, ಅವರಿಗೆ ಗೇಮ್ ಮಾಸ್ಟರ್ ಅಂತ ಹೆಸರು. ನಮ್ಮಲ್ಲಿ ಆ ಕೆಲಸ ನನ್ನದು. ಉಳಿದವರು ಒಂದೊಂದು ಪಾತ್ರವಾಗಿ ‘ನಾನು ಬಾಗಿಲು ಒದೀತೀನಿ’, ‘ನಾನು ಕಾವಲುಗಾರನ ಜೊತೆ ಮಾತಿಗೆ ನಿಲ್ತೀನಿ’ ಎನ್ನುತ್ತಾರೆ. ಆಗುತ್ತದೋ ಇಲ್ಲವೋ ಎಂಬ ಅನುಮಾನ ಇದ್ದಾಗ ದಾಳ ಉರುಳುತ್ತದೆ. ಇಪ್ಪತ್ತು ಮುಖದ ದಾಳ.

ಈ ಬಗೆಯ ಆಟಗಳಿಗೆಲ್ಲ ಹಿರಿಯಣ್ಣ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಅದನ್ನು ಹೊರತಂದರು. ಆಗ ಇದ್ದದ್ದು ಮೂರೇ ಬಗೆಯ ಪಾತ್ರ: ಕಾದಾಡುವವನು, ಮಾಂತ್ರಿಕ, ಪುರೋಹಿತ. ಈಗ ಹತ್ತಾರು ಬಗೆ ಇವೆ. ಹೆಸರು ಹೆಚ್ಚಾದಷ್ಟೂ ಒಂದು ಪ್ರಶ್ನೆ ಕಾಡುತ್ತದೆ: ಈ ಪಾತ್ರಗಳು ನಿಜಕ್ಕೂ ಬೇರೆ ಬೇರೆಯೇ, ಇಲ್ಲ ಒಂದೇ ಗೊಂಬೆಗೆ ಬೇರೆ ಬೇರೆ ಬಣ್ಣವೇ?

ಬಣ್ಣ ಬೇರೆ, ಗೊಂಬೆ ಒಂದೇ

ನಮ್ಮ ಗುಂಪಿನಲ್ಲಿ ಈ ಪ್ರಶ್ನೆ ಎತ್ತಿದ್ದು ರಾಮನಗರದ ಗೆಳತಿ. ಅವಳದು ಬಿಲ್ಲುಗಾರ್ತಿಯ ಪಾತ್ರ. ಕತ್ತಿಯವನು ದಾಳ ಹಾಕಿ ಐದು ಕೂಡಿಸುತ್ತಿದ್ದ. ಇವಳೂ ದಾಳ ಹಾಕಿ ಐದು ಕೂಡಿಸುತ್ತಿದ್ದಳು. ಮಾಂತ್ರಿಕ ಬೆಂಕಿ ಉಗುಳಿದರೂ ಅದೇ ದಾಳ, ಅದೇ ಐದು. ಒಂದು ಭಾನುವಾರ ಆಟ ಮುಗಿದ ಮೇಲೆ ಚೀಲ ಹೆಗಲಿಗೇರಿಸುತ್ತಾ ಕೇಳಿದಳು: “ನಾನ್ ಬರದಿದ್ರೂ ಆಟ ನಡೆಯುತ್ತೆ ಅಲ್ವೇನೋ?”

ಅವಳು ಜಗಳಕ್ಕೆ ಕೇಳಿದ್ದಲ್ಲ. ಪಿ.ಜಿ. ಎಂಟ್ರೆನ್ಸ್‌ಗೆ ಓದಬೇಕಿತ್ತು, ಭಾನುವಾರ ಉಳಿಸಿಕೊಳ್ಳಬೇಕಿತ್ತು. ಆದರೆ ಆ ಮಾತು ಎಲ್ಲರಿಗೂ ನಾಟಿತು. ಕೆಲಸಕ್ಕೆ ಅರ್ಜಿ ಹಾಕುತ್ತಿದ್ದ ದಿನಗಳವು. ಐವರ ಬಯೋಡೇಟಾದಲ್ಲೂ ಅದೇ ಡಿಗ್ರಿ, ಅದೇ ಕಂಪ್ಯೂಟರ್ ಕೋರ್ಸ್, ‘ಹಾರ್ಡ್ ವರ್ಕಿಂಗ್, ಟೀಮ್ ಪ್ಲೇಯರ್’ ಎಂಬ ಅದೇ ಸಾಲು. ಹೊರಗೆ ನಾವು ಒಬ್ಬರ ಬದಲು ಇನ್ನೊಬ್ಬರು ನಡೆಯುವವರೇ. ಆಟದಲ್ಲೂ ಹಾಗೇ ಆದರೆ ಭಾನುವಾರ ಯಾಕೆ ಬರಬೇಕು?

ಇದು ನಮಗೊಬ್ಬರಿಗೇ ಬಂದ ತೊಂದರೆ ಅಲ್ಲ. ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ನ ನಾಲ್ಕನೇ ಆವೃತ್ತಿ 2008ರಲ್ಲಿ ಬಂದಾಗ ಎಲ್ಲ ಪಾತ್ರಗಳಿಗೂ ಒಂದೇ ಚೌಕಟ್ಟು ಹಾಕಲಾಗಿತ್ತು. ಬೇಕಾದಾಗೆಲ್ಲ ಬಳಸುವ ಶಕ್ತಿ, ಒಂದು ಕಾಳಗಕ್ಕೆ ಒಮ್ಮೆ ಬಳಸುವ ಶಕ್ತಿ, ದಿನಕ್ಕೊಮ್ಮೆ ಬಳಸುವ ಶಕ್ತಿ. ಯಾರಿಗೂ ಹೆಚ್ಚಿಲ್ಲ, ಯಾರಿಗೂ ಕಡಿಮೆಯಿಲ್ಲ. ನ್ಯಾಯವಾಗಿಯೇ ಇತ್ತು. ಆದರೆ ‘ಎಲ್ಲರೂ ಒಂದೇ ಥರ ಅನಿಸುತ್ತಾರೆ’ ಎಂದು ಬಹಳಷ್ಟು ಆಟಗಾರರು ದೂರಿದರು. ಸಮಾನವಾಗಿ ಕೊಡುವುದು ಬೇರೆ, ಒಂದೇ ಥರ ಕೊಡುವುದು ಬೇರೆ.

ಹುಲಿಗೂ ಕುರಿಗೂ ಒಂದೇ ನಿಯಮವೇ?

ದಾರಿ ತೋರಿಸಿದ್ದು ನಮ್ಮ ತಾತನ ಕಾಲದ ಹುಲಿ-ಕುರಿ ಆಟ. ಹಳೆಯ ಮಂಟಪಗಳ ಕಲ್ಲು ಹಾಸಿನ ಮೇಲೆ ಕೊರೆದ ತ್ರಿಕೋನದ ಗೆರೆಗಳನ್ನು ನೀವೂ ನೋಡಿರಬಹುದು. ಸಾಮಾನ್ಯವಾಗಿ ಮೂರು ಹುಲಿ, ಹದಿನೈದು ಕುರಿ. ಹುಲಿ ಕುರಿಯ ಮೇಲೆ ಹಾರಿ ತಿನ್ನುತ್ತದೆ. ಕುರಿ ಹಾರುವುದೂ ಇಲ್ಲ, ತಿನ್ನುವುದೂ ಇಲ್ಲ. ಸುತ್ತುಗಟ್ಟಿ ಹುಲಿ ಅಲ್ಲಾಡದಂತೆ ಮಾಡಿದರೆ ಗೆದ್ದಂತೆ. “ಹುಲಿ ಆಡೋನಿಗೆ ಹಸಿವಿರ್ಬೇಕು, ಕುರಿ ಆಡೋನಿಗೆ ತಾಳ್ಮೆ ಇರ್ಬೇಕು ಕಣಪ್ಪ” ಎನ್ನುತ್ತಿದ್ದರು ತಾತ.

ನೋಡಿ, ಈ ಆಟದಲ್ಲಿ ‘ಹುಲಿಗೆ ಬಲ ಹತ್ತು, ಕುರಿಗೆ ಎರಡು’ ಎಂಬ ಅಂಕಿಯೇ ಇಲ್ಲ. ವ್ಯತ್ಯಾಸ ಇರುವುದು ಮಾಡುವ ಕೆಲಸದಲ್ಲಿ. ಒಂದು ಹಾರುತ್ತದೆ, ಒಂದು ಮುತ್ತುತ್ತದೆ. ನಾವೂ ಅದನ್ನೇ ಹಿಡಿದೆವು. ಅಂಕಿ ಹೆಚ್ಚು ಕಡಿಮೆ ಮಾಡುವುದನ್ನು ಬಿಟ್ಟು ಪ್ರತಿ ಪಾತ್ರಕ್ಕೂ ಮೂರು ಪ್ರಶ್ನೆ ಕೇಳಿಕೊಂಡೆವು. ಇವಳಿಂದ ಮಾತ್ರ ಆಗುವ ಕೆಲಸ ಯಾವುದು? ಅದು ಎಲ್ಲಿ ನಿಂತುಹೋಗುತ್ತದೆ? ಅದನ್ನು ಆಡುವಾಗ ಕೈ ಏನು ಮಾಡುತ್ತದೆ?

ನಾಲ್ಕು ಊರು, ನಾಲ್ಕು ಕೈ

ರಾಮನಗರದ ಗೆಳತಿಯ ಮನೆಯಲ್ಲಿ ರೇಷ್ಮೆ ನೂಲು ತೆಗೆಯುವ ಕೆಲಸ. ಗೂಡಿನ ಮಾರುಕಟ್ಟೆಗೆ ಅಪ್ಪನ ಜೊತೆ ಹೋಗಿ ಬೆಳೆದವಳು. ಗೂಡು ಕೈಗೆ ತೆಗೆದುಕೊಂಡು ನೋಡಿಯೇ ಒಳಗಿನ ಎಳೆ ಹೇಗಿದ್ದೀತು ಎಂದು ಅಳೆಯುವವರ ನಡುವೆ ಇದ್ದವಳು. ಬಿಲ್ಲು ಕೆಳಗಿಟ್ಟು ಅವಳು ನೂಲುಗಾರ್ತಿಯಾದಳು. ಕಥೆಯಲ್ಲಿ ಯಾರಾದರೂ ಮಾತಾಡಿದಾಗ ಅವಳು “ಎಳೆ ಎಲ್ಲಿ ತುಂಡಾಗಿದೆ?” ಎಂದು ಕೇಳಬಹುದು. ಆ ಮಾತಿನಲ್ಲಿ ಯಾವ ವಾಕ್ಯ ಸುಳ್ಳು ಎಂದು ನಾನು ತೋರಿಸಲೇಬೇಕು. ಆದರೆ ನಿಜ ಏನು ಎಂದು ಹೇಳುವ ಹಾಗಿಲ್ಲ. ಒಂದು ದಿನಕ್ಕೆ ಮೂರೇ ಸಲ. ಅವಳಿಗೆ ದಾಳವೇ ಇಲ್ಲ, ಮೂರು ಖಾಲಿ ಗೂಡುಗಳಿವೆ. ಕೇಳಿದಾಗೊಂದು ಗೂಡು ಬಟ್ಟಲಿಗೆ ಬೀಳುತ್ತದೆ.

ಚನ್ನಪಟ್ಟಣದ ಗೆಳೆಯ ಮಾಂತ್ರಿಕ. ಹಳೆಯ ಆಟದಲ್ಲಿ ಮಾಂತ್ರಿಕರು ಬೆಳಿಗ್ಗೆ ಮಂತ್ರ ಕಂಠಪಾಠ ಮಾಡಬೇಕು, ಪ್ರಯೋಗಿಸಿದ ಕೂಡಲೇ ಅದು ಮರೆತುಹೋಗುತ್ತದೆ. ಜ್ಯಾಕ್ ವ್ಯಾನ್ಸ್ ಎಂಬ ಲೇಖಕರ ಕಥೆಗಳಿಂದ ಬಂದ ಉಪಾಯ ಅದು. ನಮ್ಮವನು ಅದಕ್ಕಿಂತ ಹತ್ತಿರದ್ದನ್ನು ಹುಡುಕಿದ. ಅವನ ಮನೆಯವರು ಗೊಂಬೆ ಕೆಲಸದವರು. ಆಲೆ ಮರದ ತುಂಡು ತಿರುಗುತ್ತಿರುವಾಗ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೆ ಅರಗು ಕರಗಿ ಬಣ್ಣ ಹಿಡಿಯುತ್ತದೆ. ತಿರುಗುವುದು ನಿಂತರೆ ಬಣ್ಣವೂ ನಿಂತಿತು. “ಹಂಗಾದ್ರೆ ಮಂತ್ರನೂ ತಿರುಗೋವರೆಗೇ ಕಣೋ” ಅಂದ. ಮನೆಯಿಂದ ಪುಟ್ಟ ಬುಗುರಿ ತಂದ. ಅವನು ಬುಗುರಿ ತಿರುಗಿಸಿದರೆ ಅದು ಬೀಳುವವರೆಗೆ ಮಂತ್ರ ಜಾರಿಯಲ್ಲಿರುತ್ತದೆ. ಅಷ್ಟರೊಳಗೆ ಉಳಿದವರು ತಾವೇನು ಮಾಡುತ್ತೇವೆ ಎಂದು ಹೇಳಿ ಮುಗಿಸಬೇಕು. ಬುಗುರಿ ತೂರಾಡತೊಡಗಿದಾಗ ನಮ್ಮ ಮಹಡಿಯಲ್ಲಿ ಎದ್ದ ಗಲಾಟೆಗೆ ಪಕ್ಕದ ಮನೆಯ ಆಂಟಿ ಎರಡು ಸಲ ಬಂದು ವಿಚಾರಿಸಿದ್ದಾರೆ!

ಮಾಗಡಿಯವನು ಸಾವನದುರ್ಗದ ಬಂಡೆ ಹತ್ತಿ ಬೆಳೆದ ಹುಡುಗ. ಕರಿಗುಡ್ಡ, ಬಿಳಿಗುಡ್ಡ ಎರಡೂ ಅವನಿಗೆ ಹಿತ್ತಲಿದ್ದಂತೆ. ಅವನ ಪಾತ್ರ ದಾರಿಗಾರ. ಅವನ ಕೈಯಲ್ಲಿ ಪೆನ್ಸಿಲ್ಲು. ನಕ್ಷೆ ಬರೆಯುವುದು ಅವನೇ, ಮತ್ತು ದಿನಕ್ಕೊಮ್ಮೆ ನಾನು ಹೇಳದೇ ಇದ್ದದ್ದನ್ನು ಅದರಲ್ಲಿ ಸೇರಿಸಬಹುದು. “ಮಗಾ, ಇಲ್ಲೊಂದು ದೊಣೆ ಇರಲೇಬೇಕು” ಎಂದು ಅವನು ಬರೆದರೆ ಆ ಬಂಡೆಯ ಮೇಲೆ ನೀರಿನ ದೊಣೆ ಇದೆ, ಅಷ್ಟೇ. ಬಾಯಾರಿದವರು ಬದುಕಿದರು. ಮಿತಿ ಒಂದೇ. ಅವನು ಸೇರಿಸುವುದು ನೆಲಕ್ಕೆ ಸೇರಿದ್ದಾಗಿರಬೇಕು. ನೆಲ, ನೀರು, ಕಲ್ಲು, ಮರ. ಕತ್ತಿ, ಚಿನ್ನ ನಡೆಯುವುದಿಲ್ಲ.

ಕನಕಪುರದವನು ಕಾಡಂಚಿನ ಹಳ್ಳಿಯವನು. ರಾತ್ರಿ ಆನೆ ಬಂದರೆ ಹೊಲ ಕಾಯುವುದು ಏನೆಂದು ಗೊತ್ತಿರುವವನು. ಅವನು ಕಾವಲುಗಾರ. ಅವನಿಗೆ ಚೌಕಾಬಾರದ ನಾಲ್ಕು ಕವಡೆ ಕೊಟ್ಟೆವು. ಎಷ್ಟು ಕವಡೆ ಅಂಗಾತ ಬೀಳುತ್ತವೋ ಗೆಳೆಯರಿಗೆ ಬರುವ ಅಷ್ಟು ಏಟು ಅವನು ತಡೆಯುತ್ತಾನೆ. ಚೌಕಾಬಾರದ ಲೆಕ್ಕದಲ್ಲಿ ನಾಲ್ಕೂ ಮಗುಚಿ ಬಿದ್ದರೆ ಸೊನ್ನೆ ಅಲ್ಲ, ಎಂಟು! ಹಾಗಾಗಿ ಅವನ ಕೈ ಯಾವತ್ತೂ ಬರಿದಾಗುವುದಿಲ್ಲ. ಆದರೆ ತಡೆಯಲು ನಿಂತ ಸುತ್ತಿನಲ್ಲಿ ಅವನು ಯಾರಿಗೂ ಹೊಡೆಯುವಂತಿಲ್ಲ.

ಲೆಕ್ಕವೂ ಮಾತಾಡುತ್ತದೆ

ದಾಳಕ್ಕೂ ಕವಡೆಗೂ ಇಷ್ಟು ವ್ಯತ್ಯಾಸ ಯಾಕೆ? ಇಪ್ಪತ್ತು ಮುಖದ ದಾಳದಲ್ಲಿ ಒಂದಕ್ಕೂ ಇಪ್ಪತ್ತಕ್ಕೂ ಸಮ ಅವಕಾಶ, ನೂರಕ್ಕೆ ಐದು. ಅದು ಹುಚ್ಚು ಕುದುರೆ. ನಾಲ್ಕು ಕವಡೆ ಹಾಗಲ್ಲ. ಕವಡೆ ನಾಣ್ಯದಷ್ಟು ಸಮವಾಗಿ ಬೀಳುವುದಿಲ್ಲ ನಿಜ. ಆದರೆ ಬೀಳುತ್ತದೆ ಎಂದುಕೊಂಡರೆ, 16 ಬಗೆಯಲ್ಲಿ 14 ಬಗೆ ಒಂದು, ಎರಡು ಅಥವಾ ಮೂರೇ ಬರುತ್ತದೆ. ಎಂಟು ಬರುವುದು ಒಂದೇ ಬಗೆಯಲ್ಲಿ. ಕಾವಲುಗಾರ ಅಂದರೆ ಹಾಗೆಯೇ ಅಲ್ಲವೇ? ದಿನಾ ಕೈಲಾದಷ್ಟು, ಎಂದೋ ಒಮ್ಮೆ ಪವಾಡ.

ದಾಳವನ್ನೇ ಉಳಿಸಿಕೊಳ್ಳುವವರಿಗೂ ಉಪಾಯ ಇದೆ. 2014ರ ಐದನೇ ಆವೃತ್ತಿಯಲ್ಲಿ ಅನುಕೂಲದ ಸಂದರ್ಭದಲ್ಲಿ ಎರಡು ದಾಳ ಹಾಕಿ ದೊಡ್ಡದನ್ನು ಆರಿಸಿಕೊಳ್ಳುವ ನಿಯಮ ಬಂತು. ಗೆಲ್ಲಲು 11 ಬೇಕು ಅನ್ನಿ. ಒಂದೇ ದಾಳಕ್ಕೆ ಅವಕಾಶ ನೂರಕ್ಕೆ 50. ಐದು ಕೂಡಿಸಿದರೂ 75, ಎರಡು ದಾಳ ಹಾಕಿದರೂ 75. ಒಂದೇ ಆಯಿತಲ್ಲ? ಆಗಲಿಲ್ಲ. ಗೆಲ್ಲಲು 20 ಬೇಕಾದಾಗ ಐದು ಕೂಡಿಸುವವನಿಗೆ ನೂರಕ್ಕೆ 30, ಎರಡು ದಾಳದವನಿಗೆ ಹತ್ತಕ್ಕಿಂತ ಕಡಿಮೆ. ಮೊದಲನೆಯದು ಆಗದ್ದನ್ನು ಆಗಿಸುವ ಬಲ, ಎರಡನೆಯದು ಆಗುವುದನ್ನು ಕೆಡಿಸದ ನಿಪುಣತೆ. ಅದಲ್ಲದೆ, ಒಂದು ದಾಳ ಸೋತಾಗ ಇನ್ನೊಂದು ಕೈಹಿಡಿಯುವುದು ಕಣ್ಣಿಗೆ ಕಾಣುತ್ತದೆ. ಕೂಡಿಸಿದ ಐದು ಕಾಣುವುದಿಲ್ಲ.

ಕೊಡುವಾಗ ಕಿತ್ತುಕೊಳ್ಳಬೇಡಿ

ಒಂದು ಎಚ್ಚರಿಕೆ. 1975ರಲ್ಲಿ ಮೂಲ ಆಟಕ್ಕೆ ‘ಕಳ್ಳ’ ಎಂಬ ಹೊಸ ಪಾತ್ರ ಸೇರಿತು. ಗೋಡೆ ಹತ್ತುವುದು, ಸದ್ದಿಲ್ಲದೆ ನಡೆಯುವುದು ಅವನ ವಿದ್ಯೆ, ಅದಕ್ಕೆ ಶೇಕಡಾವಾರು ಲೆಕ್ಕ. ಪಾತ್ರ ಎಲ್ಲರಿಗೂ ಬೇಕಾಯಿತು. ಆದರೆ ಅಂದಿನಿಂದ ಇಂದಿನವರೆಗೂ ಒಂದು ಚರ್ಚೆ ಮುಗಿದಿಲ್ಲ: ಗೋಡೆ ಹತ್ತುವುದು ಕಳ್ಳನ ವಿದ್ಯೆ ಆದಮೇಲೆ ಉಳಿದವರು ಹತ್ತುವ ಹಾಗೇ ಇಲ್ಲವೇ? ಮೊದಲು ಎಲ್ಲರೂ ಹತ್ತುತ್ತಿದ್ದರಲ್ಲ!

ಇದಕ್ಕೆ ನಾವು ಮಾಡಿಕೊಂಡ ನಿಯಮ ಸರಳ. ಮನುಷ್ಯರೆಲ್ಲ ಮಾಡಬಹುದಾದದ್ದನ್ನು ಎಲ್ಲರೂ ಪ್ರಯತ್ನಿಸಬಹುದು. ಸುಳ್ಳನ್ನು ಯಾರು ಬೇಕಾದರೂ ಅನುಮಾನಿಸಲಿ. ಖಚಿತವಾಗಿ ಬೆರಳಿಟ್ಟು ತೋರಿಸುವುದು ನೂಲುಗಾರ್ತಿಗೆ ಮಾತ್ರ. ಬೆಟ್ಟ ಯಾರು ಬೇಕಾದರೂ ಹತ್ತಲಿ. ಬೆಟ್ಟದಲ್ಲಿ ನೀರು ಹುಟ್ಟಿಸುವುದು ದಾರಿಗಾರನಿಗೆ ಮಾತ್ರ. ಪಾಂಡವರ ಅಜ್ಞಾತವಾಸ ನೆನಪಿಸಿಕೊಳ್ಳಿ. ಆಯುಧಗಳೆಲ್ಲ ಶಮೀ ಮರದ ಮೇಲೆ. ಆದರೂ ಅಡುಗೆಮನೆಯಲ್ಲಿ ಭೀಮ, ನಾಟ್ಯಶಾಲೆಯಲ್ಲಿ ಅರ್ಜುನ, ಕುದುರೆ ಲಾಯದಲ್ಲಿ ನಕುಲ, ದನದ ಕೊಟ್ಟಿಗೆಯಲ್ಲಿ ಸಹದೇವ, ಪಗಡೆಯ ಹಾಸಿನ ಮುಂದೆ ಧರ್ಮರಾಯ. ಆಯುಧ ತೆಗೆದಿಟ್ಟರೂ ಉಳಿಯುವುದೇ ಪಾತ್ರದ ನಿಜವಾದ ಶಕ್ತಿ.

ಖಾಲಿ ಜಾಗದ ಪರೀಕ್ಷೆ

ಈಗ ನಮ್ಮ ಬಳಿ ಒಂದೇ ಪರೀಕ್ಷೆ ಇದೆ. ಒಬ್ಬರು ಬಾರದ ಭಾನುವಾರ ಆಟಕ್ಕೆ ಏನು ಕೊರತೆಯಾಗುತ್ತದೆ? ‘ಒಂದು ದಾಳ ಕಡಿಮೆ’ ಎಂಬುದು ಉತ್ತರವಾದರೆ ಆ ಪಾತ್ರವನ್ನು ಮತ್ತೆ ಕಟ್ಟಬೇಕು. ಕನಕಪುರದವನಿಗೆ ಈಗ ಬೆಂಗಳೂರಿನಲ್ಲಿ ಪಾಳಿ ಕೆಲಸ, ಎರಡು ಭಾನುವಾರಕ್ಕೊಮ್ಮೆ ಸಿಗುತ್ತಾನೆ. ಅವನಿಲ್ಲದ ದಿನ ನಾವು ಕಾಳಗಕ್ಕೇ ಇಳಿಯುವುದಿಲ್ಲ, ಉಪಾಯದಿಂದ ತಪ್ಪಿಸಿಕೊಂಡು ಓಡುತ್ತೇವೆ. ಅವನ ಕವಡೆ ಡಬ್ಬಿಯಲ್ಲೇ ಇರುತ್ತದೆ. ನೂಲುಗಾರ್ತಿ ಎಂಟ್ರೆನ್ಸ್ ಬರೆದಳು, ಭಾನುವಾರ ಮಧ್ಯಾಹ್ನ ಮಾತ್ರ ಬಿಡಲಿಲ್ಲ. “ನಾನಿಲ್ಲ ಅಂದ್ರೆ ಇವರಿಗೆಲ್ಲ ಯಾರಾದ್ರೂ ಟೋಪಿ ಹಾಕ್ತಾರೆ” ಎಂಬುದು ಅವಳು ಮನೆಯಲ್ಲಿ ಕೊಡುವ ಕಾರಣ!

ನೀವೂ ಆಡಿ ನೋಡಿ. ಸಾವಿರಾರು ರೂಪಾಯಿಯ ಪುಸ್ತಕ, ಆಮದು ದಾಳ ಬೇಕೆಂದಿಲ್ಲ. ಅಜ್ಜಿಯ ಪೆಟ್ಟಿಗೆಯ ಕವಡೆ, ಒಂದು ಬುಗುರಿ, ಒಂದು ಪೆನ್ಸಿಲ್ಲು ಸಾಕು. ಗೆಳೆಯರನ್ನು ಕೂರಿಸಿಕೊಂಡು ‘ನಿನಗೆ ಬಲ ಎಷ್ಟು ಬೇಕು’ ಎಂದು ಕೇಳಬೇಡಿ. ‘ನಿನ್ನ ಕೈಗೆ ಏನು ಗೊತ್ತು’ ಎಂದು ಕೇಳಿ. ಉತ್ತರ ಹೇಳಲು ಕೆಲವರಿಗೆ ಸ್ವಲ್ಪ ಹೊತ್ತು ಬೇಕಾಗುತ್ತದೆ, ಯಾಕೆಂದರೆ ಹಾಗೆ ಕೇಳಿದವರು ಕಡಿಮೆ. ಕಾಯಿರಿ, ಬರುತ್ತದೆ.