ಹಳೆಯ ಕಲ್ಲು, ಹಳೆಯ ಓಲೆ: ದುರ್ಗದ ವಸ್ತುಸಂಗ್ರಹಾಲಯವನ್ನು ನೋಡುವ ಬಗೆ

ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸೀಮೆಗಳಿಂದ ಚಿತ್ರದುರ್ಗಕ್ಕೆ ಬರುವ ಸದ್ಭಕ್ತರು ಮಠಗಳಲ್ಲಿ ದರ್ಶನಾಶೀರ್ವಾದ ಪಡೆದು, ಪ್ರಸಾದ ಸ್ವೀಕರಿಸಿ, ಸಮಯವಿದ್ದರೆ ಏಳುಸುತ್ತಿನ ಕೋಟೆಯನ್ನು ಹತ್ತಿ, ಒನಕೆ ಓಬವ್ವನ ಕಿಂಡಿಯನ್ನು ಮಕ್ಕಳಿಗೆ ತೋರಿಸಿ ಊರಿಗೆ ಮರಳುವುದು ವಾಡಿಕೆ. ರಂಗಯ್ಯನಬಾಗಿಲಿನ ಬಳಿಯಿರುವ ಸರ್ಕಾರಿ ವಸ್ತುಸಂಗ್ರಹಾಲಯದೊಳಗೆ ಕಾಲಿಡುವವರು ವಿರಳ. ಕೇಳಿದರೆ, “ಹಳೆಯ ಕಲ್ಲುಗಳನ್ನು ನೋಡಿ ಆಗುವುದೇನು?” ಎಂಬ ಉತ್ತರ ಬರುತ್ತದೆ. ಇನ್ನು ಕೆಲವರು ತತ್ತ್ವದ ಮಾತನ್ನೇ ಮುಂದಿಡುತ್ತಾರೆ: ಇಷ್ಟಲಿಂಗವನ್ನು ಅಂಗೈಯಲ್ಲಿ ಹಿಡಿದ ನಾವು, ಸ್ಥಾವರವನ್ನು ಮೀರಿ ಜಂಗಮವನ್ನು ನಂಬಿದ ನಾವು, ಒಡೆದ ಶಿಲೆಗಳಿಗೇಕೆ ಗೌರವ ಸಲ್ಲಿಸಬೇಕು?

ಪ್ರಶ್ನೆ ಯೋಗ್ಯವಾದುದೇ. ಆದರೆ ವಸ್ತುಸಂಗ್ರಹಾಲಯದ ಕಲ್ಲಿಗೆ ಯಾರೂ ಪೂಜೆಯನ್ನು ಬೇಡುವುದಿಲ್ಲ. ಅದು ಬೇಡುವುದು ಓದನ್ನು. ಪುಸ್ತಕವನ್ನು ಓದುವಂತೆ ಅದನ್ನು ಓದಲು ಬಂದರೆ, ನಮ್ಮ ಹಿರಿಯರು ಹೇಗೆ ಬದುಕಿದರು, ಯಾವುದಕ್ಕಾಗಿ ಪ್ರಾಣ ಕೊಟ್ಟರು, ಏನನ್ನು ನಮಗಾಗಿ ಉಳಿಸಿದರು ಎಂಬುದು ತಿಳಿಯುತ್ತದೆ.

ಒಬ್ಬ ಉಪಾಧ್ಯಾಯರ ಕಾಯಕ

ಈ ಸಂಗ್ರಹದ ಹಿಂದೆ ಹುಲ್ಲೂರು ಶ್ರೀನಿವಾಸ ಜೋಯಿಸರ ಶ್ರಮವಿದೆ. ವೃತ್ತಿಯಿಂದ ಉಪಾಧ್ಯಾಯರಾಗಿದ್ದ ಅವರು ದುರ್ಗದ ಸುತ್ತಣ ಹಳ್ಳಿಗಳನ್ನು ಸುತ್ತಿ, ಶಾಸನಗಳನ್ನು ಗುರುತಿಸಿ, ಓಲೆಗರಿ, ಕಡತ, ನಾಣ್ಯ, ಆಯುಧಗಳನ್ನು ಕೂಡಿಸಿದರು. ಚಿತ್ರದುರ್ಗದ ನಾಯಕರ ಚರಿತ್ರೆಯನ್ನು ಇಂದು ನಾವು ಇಷ್ಟರಮಟ್ಟಿಗೆ ತಿಳಿದಿರುವುದರಲ್ಲಿ ಅವರ ಪಾಲು ದೊಡ್ಡದು. ಫಲಾಪೇಕ್ಷೆಯಿಲ್ಲದೆ ಮಾಡಿದ ಇಂತಹ ದುಡಿಮೆಯನ್ನು ಶರಣರು ಕಾಯಕವೆಂದರು. ದುಡಿದು ಗಳಿಸಿದ್ದನ್ನು ಸಮಾಜಕ್ಕೆ ಒಪ್ಪಿಸುವುದನ್ನು ದಾಸೋಹವೆಂದರು. ಜೋಯಿಸರ ಜೀವನದಲ್ಲಿ ಎರಡೂ ಕೂಡಿವೆ.

ವೀರಗಲ್ಲನ್ನು ಓದುವ ಕ್ರಮ

ನಮ್ಮ ನಾಡಿನ ವಸ್ತುಸಂಗ್ರಹಾಲಯಗಳಲ್ಲಿಯೂ ಊರ ಬಾಗಿಲುಗಳಲ್ಲಿಯೂ ಹೆಚ್ಚಾಗಿ ಕಾಣುವುದು ವೀರಗಲ್ಲು. ಇದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಕೆಯಲ್ಲಿ ವೀರನ ಹೋರಾಟ. ಪಕ್ಕದಲ್ಲಿ ಹಸುಗಳಿದ್ದರೆ ಅದು ತುರುಗೊಳ್, ಎಂದರೆ ಊರ ದನಗಳನ್ನು ಬಿಡಿಸಿ ತರುವಾಗ ನಡೆದ ಕಾಳಗ. ನಡುವಿನ ಪಟ್ಟಿಕೆಯಲ್ಲಿ ಅಪ್ಸರೆಯರು ಅವನನ್ನು ಕರೆದೊಯ್ಯುತ್ತಾರೆ. ಮೇಲಿನ ಪಟ್ಟಿಕೆಯಲ್ಲಿ ಅವನು ಶಿವಲಿಂಗದ ಸನ್ನಿಧಿಯಲ್ಲಿರುತ್ತಾನೆ. ತುದಿಯ ಸೂರ್ಯಚಂದ್ರರು ‘ಇವರಿರುವವರೆಗೆ ಈ ಕೀರ್ತಿ ಇರಲಿ’ ಎಂಬುದರ ಗುರುತು. ಬಳೆ ತೊಟ್ಟ ಕೈಯೊಂದು ಮೇಲೆತ್ತಿ ನಿಂತಿದ್ದರೆ ಅದು ಮಹಾಸತಿಕಲ್ಲು. ಅದರ ಮುಂದೆ ನಿಂತು ಹೆಣ್ಣುಮಕ್ಕಳು ಅಂದು ಅನುಭವಿಸಿದ ಸಂಕಟವನ್ನೂ, ಹೆಣ್ಣು ಗಂಡೆಂಬ ಭೇದವನ್ನು ಶರಣರು ಏಕೆ ನಿರಾಕರಿಸಿದರೆಂಬುದನ್ನೂ ಮಕ್ಕಳಿಗೆ ವಿವರಿಸಬಹುದು.

ಅರಸರ ಕಥೆ ಅರಮನೆಯ ಕವಿಗಳಿಂದ ಉಳಿಯಿತು. ದನ ಕಾಯುವವನ ಕಥೆ ಉಳಿದದ್ದು ಈ ಕಲ್ಲುಗಳಿಂದ.

ಚಂದ್ರವಳ್ಳಿಯ ಮಣ್ಣು ಹೇಳುವುದು

ಊರಿಗೆ ಹೊಂದಿಕೊಂಡಿರುವ ಚಂದ್ರವಳ್ಳಿಯಲ್ಲಿ 1929ರಲ್ಲಿ ಡಾ. ಎಂ. ಎಚ್. ಕೃಷ್ಣ ಅವರೂ, 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅವರೂ ಉತ್ಖನನ ನಡೆಸಿದರು. ಸಾತವಾಹನರ ಕಾಲದ ಸೀಸದ ನಾಣ್ಯಗಳೊಂದಿಗೆ ರೋಮ್ ಚಕ್ರವರ್ತಿ ಟೈಬೀರಿಯಸನ ಬೆಳ್ಳಿ ನಾಣ್ಯವೂ ಅಲ್ಲಿ ದೊರೆಯಿತು. ಎರಡು ಸಾವಿರ ವರ್ಷಗಳ ಹಿಂದೆಯೇ ಈ ಬಂಡೆಗಳ ನಡುವಿನ ಊರು ಕಡಲಾಚೆಯ ವ್ಯಾಪಾರದ ನಂಟನ್ನು ಹೊಂದಿತ್ತೆಂಬುದಕ್ಕೆ ಇದು ಸಾಕ್ಷಿ.

ಅಲ್ಲಿಯೇ ಬಂಡೆಯ ಮೇಲೆ ಕದಂಬ ಮಯೂರಶರ್ಮನ ಪ್ರಾಕೃತ ಶಾಸನವಿದೆ. ಅದರ ವಿಷಯ ಒಂದು ಕೆರೆ. ಮಳೆ ಕಡಿಮೆಯಾದ ಈ ನಾಡಿನಲ್ಲಿ ನೀರನ್ನು ಕಟ್ಟಿ ನಿಲ್ಲಿಸುವ ಕೆಲಸ ಅಂದಿನಿಂದಲೂ ನಡೆದಿದೆ. ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯಲ್ಲಿ 1898ರಿಂದ 1907ರವರೆಗೆ ವೇದಾವತಿಗೆ ಕಟ್ಟಿದ ವಾಣಿವಿಲಾಸ ಸಾಗರ ಅದೇ ಪರಂಪರೆಯದು. 1933ರಲ್ಲಿ ಕೋಡಿ ಹರಿದ ಆ ಜಲಾಶಯ ಮತ್ತೆ ಕೋಡಿ ಹರಿದದ್ದು 2022ರಲ್ಲಿ, 89 ವರ್ಷಗಳ ತರುವಾಯ. ಕೆರೆಯ ಶಾಸನವನ್ನು ಓದಿದವರಿಗೆ ಅಂದಿನ ರೈತರ ಕಣ್ಣೀರಿನ ಆನಂದ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ.

ಓಲೆ ಉಳಿದುದರಿಂದ ವಚನ ಉಳಿಯಿತು

ಸ್ಥಾವರದ ಪ್ರಶ್ನೆಗೆ ನಿಜವಾದ ಉತ್ತರವಿರುವುದು ತಾಳೆಗರಿಯಲ್ಲಿ. ಹದಗೊಳಿಸಿದ ಗರಿಯ ಮೇಲೆ ಕಬ್ಬಿಣದ ಕಂಟದಿಂದ ಅಕ್ಷರಗಳನ್ನು ಕೊರೆದು, ಮಸಿ ಸವರಿ ಒರೆಸಿದರೆ ಗೀರುಗಳಲ್ಲಿ ಮಾತ್ರ ಕಪ್ಪು ನಿಲ್ಲುತ್ತದೆ. ಗರಿಗಳ ರಂಧ್ರದಲ್ಲಿ ದಾರ ಪೋಣಿಸಿ, ಎರಡು ಹಲಗೆಗಳ ನಡುವೆ ಬಿಗಿದರೆ ಕಟ್ಟು ಸಿದ್ಧ. ಗೆದ್ದಲು, ಹುಳು, ತೇವ ಇದರ ಶತ್ರುಗಳು. ಆದುದರಿಂದ ಪ್ರತಿ ಕೆಲವು ತಲೆಮಾರುಗಳಿಗೊಮ್ಮೆ ಯಾರಾದರೂ ಕುಳಿತು ಅದನ್ನು ಹೊಸ ಗರಿಗೆ ಪ್ರತಿ ಮಾಡಬೇಕಾಗಿತ್ತು.

ಹನ್ನೆರಡನೆಯ ಶತಮಾನದ ಶರಣರ ನುಡಿಗಳು ನಮಗೆ ತಲುಪಿದ್ದು ಹೀಗೆಯೇ. ಹದಿನೈದನೆಯ ಶತಮಾನದ ವಿಜಯನಗರ ಕಾಲದ ವಿರಕ್ತರು ಅವನ್ನು ಸಂಕಲಿಸಿದರು. ಹೆಸರು ತಿಳಿಯದ ಅನೇಕ ಲಿಪಿಕಾರರು ಪ್ರತಿ ಮಾಡಿದರು. ಭಕ್ತರು ಮನೆಗಳಲ್ಲಿ ಕಾಪಾಡಿದರು. ಫ. ಗು. ಹಳಕಟ್ಟಿಯವರು ಇಂತಹ ಕಟ್ಟುಗಳನ್ನು ಹುಡುಕಿ ಸಂಪಾದಿಸಿ 1923ರಲ್ಲಿ ‘ವಚನಶಾಸ್ತ್ರ ಸಾರ’ವನ್ನು ಪ್ರಕಟಿಸಿದರು. ಅರಿವು ಜಂಗಮವೇ ಸರಿ. ಆದರೆ ಅದು ಶತಮಾನಗಳನ್ನು ದಾಟಿ ಬಂದದ್ದು ಗರಿಯೆಂಬ ವಸ್ತುವನ್ನೇರಿ. ನಡುವೆ ಒಂದು ತಲೆಮಾರು ಉದಾಸೀನ ಮಾಡಿದ್ದರೆ ಇಂದು ನಮ್ಮ ನಾಲಗೆಯ ಮೇಲಿರುವ ಎಷ್ಟೋ ವಚನಗಳು ಇರುತ್ತಿರಲಿಲ್ಲ.

ನಮ್ಮ ಹೊಣೆ

ಇಂದಿಗೂ ಹಳೆಯ ಮನೆಗಳ ಅಟ್ಟದಲ್ಲಿ, ಜಗಲಿಯ ಮೇಲೆ ಓಲೆಕಟ್ಟುಗಳಿವೆ. ಕೆಲವೆಡೆ ವರ್ಷಕ್ಕೊಮ್ಮೆ ವಿಭೂತಿ ಧರಿಸಿ, ಹೂ ಏರಿಸಿ, ಬಿಚ್ಚಿ ನೋಡದೆಯೇ ಮತ್ತೆ ಕಟ್ಟಿಡುತ್ತಾರೆ. ಕೆಲವೆಡೆ ಮನೆ ಕೆಡವುವಾಗ ಗುಜರಿಗೆ ಹಾಕುತ್ತಾರೆ, ಇಲ್ಲವೆ ಭಕ್ತಿಯಿಂದಲೇ ಹೊಳೆಗೆ ಬಿಡುತ್ತಾರೆ. ಗುಜರಿಗೆ ಹೋದರೂ ಹೊಳೆಗೆ ಹೋದರೂ ನಷ್ಟ ಒಂದೇ.

ಭಕ್ತರಲ್ಲಿ ನಮ್ಮ ವಿನಂತಿ ಇಷ್ಟು. ಮನೆಯಲ್ಲಿ ಓಲೆಕಟ್ಟಿದ್ದರೆ ನೀರು, ಕುಂಕುಮ, ಅಡುಗೆಯ ಎಣ್ಣೆ ಸೋಕಿಸಬೇಡಿ. ಅಂಟಿಕೊಂಡ ಗರಿಗಳನ್ನು ಬಲವಂತವಾಗಿ ಬಿಡಿಸಬೇಡಿ. ಒಣ ಬಟ್ಟೆಯಲ್ಲಿ ಸುತ್ತಿಟ್ಟು ತಿಳಿದವರಿಗೆ ತೋರಿಸಿ. ಅವರು ಸಿಟ್ರೊನೆಲ್ಲಾ ಎಣ್ಣೆಯಿಂದ ಗರಿಗಳಿಗೆ ಮೃದುತ್ವ ತಂದು, ಛಾಯಾಪ್ರತಿ ಮಾಡಿಕೊಡಬಲ್ಲರು. ಮೂಲ ನಿಮ್ಮ ಮನೆಯಲ್ಲಿಯೇ ಉಳಿಯಬಹುದು. 1972ರ ಪುರಾವಸ್ತು ಕಾಯ್ದೆಯಂತೆ ನೂರು ವರ್ಷ ಮೀರಿದ ಶಿಲ್ಪ, ನಾಣ್ಯಗಳೂ, ಎಪ್ಪತ್ತೈದು ವರ್ಷ ಮೀರಿದ ಮೌಲಿಕ ಹಸ್ತಪ್ರತಿಗಳೂ ಪುರಾವಸ್ತುಗಳೇ. ಪರವಾನಗಿಯಿಲ್ಲದೆ ಅವುಗಳ ವ್ಯಾಪಾರ ನಡೆಸುವಂತಿಲ್ಲ. ಹೊಲ ಉಳುವಾಗ, ಪಾಯ ತೆಗೆಯುವಾಗ ಏನಾದರೂ ದೊರೆತರೆ ಆಡಳಿತಕ್ಕೆ ತಿಳಿಸಿ. ನಿಧಿಯಾಸೆಗೆ ವೀರಗಲ್ಲನ್ನು ಕೀಳುವವರನ್ನು ಊರವರೇ ತಡೆಯಬೇಕು.

ಮುಂದಿನ ಬಾರಿ ದುರ್ಗಕ್ಕೆ ಬಂದಾಗ ಒಂದು ತಾಸನ್ನು ರಂಗಯ್ಯನಬಾಗಿಲಿಗೆ ಮೀಸಲಿಡಿ. ಎಲ್ಲವನ್ನೂ ನೋಡುವ ಅವಸರ ಬೇಡ. ಒಂದು ಕಲ್ಲು, ಒಂದು ಕತ್ತಿ, ಒಂದು ಬರಹದ ಮುಂದೆ ಮಕ್ಕಳನ್ನು ನಿಲ್ಲಿಸಿ, ಇದನ್ನು ಮಾಡಿದವರು ಯಾರಿರಬಹುದೆಂದು ಕೇಳಿ. ಆ ಬಳಿಕ ಊರಿಗೆ ಮರಳಿ, ನಿಮ್ಮದೇ ಅಟ್ಟವನ್ನೊಮ್ಮೆ ಹತ್ತಿ ನೋಡಿ.