ಬೆಳಕಿನ ಲೆಕ್ಕ

ಕಂಪ್ಯೂಟರಿನಲ್ಲಿ ರಚಿಸಿದ ಕೋಣೆಯೊಳಗೆ ದೀಪವಿಟ್ಟರೆ, ಬೆಳಕು ನೇರವಾಗಿ ಬಿದ್ದ ಭಾಗವಷ್ಟೇ ಕಾಣುತ್ತದೆ, ಉಳಿದದ್ದು ಕಗ್ಗತ್ತಲು. ನಿಜವಾದ ಮನೆಯಲ್ಲಿ ಹಾಗಲ್ಲ. ಕಿಟಕಿಯ ಬಿಸಿಲು ನೆಲ, ಗೋಡೆಗಳಿಂದ ಪ್ರತಿಫಲಿಸಿ ಮಂಚದ ಅಡಿಗೂ ತಲಪುತ್ತದೆ. ಕೆಂಪು ಗೋಡೆಗೆ ತಾಗಿದರೆ ಕೆಂಪು ಛಾಯೆಯನ್ನೂ ಹೊತ್ತು ತರುತ್ತದೆ.

ಶಾಖ ವಿಕಿರಣದ ಗಣಿತವನ್ನು ಎರವಲು ಪಡೆದು, ಈ ಪ್ರತಿಫಲನವನ್ನು ಕಂಪ್ಯೂಟರ್ ಚಿತ್ರಗಳಿಗೆ ಅಳವಡಿಸುವ ವಿಧಾನವನ್ನು 1984ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು ಪ್ರಕಟಿಸಿದರು. ಆದರೆ ಇಡೀ ಚಲನಚಿತ್ರಕ್ಕೆ ಅಷ್ಟು ಲೆಕ್ಕ ಅಂದಿನ ಯಂತ್ರಗಳ ಶಕ್ತಿಗೆ ಮೀರಿದ್ದು. ಹಾಗಾಗಿ ಪಿಕ್ಸಾರ್ ಸಂಸ್ಥೆಯ ‘ಟಾಯ್ ಸ್ಟೋರಿ’ಯಲ್ಲಿ (1995) ಕಲಾವಿದರು ಅಲ್ಲಲ್ಲಿ ಹೆಚ್ಚುವರಿ ದೀಪಗಳನ್ನಿಟ್ಟು ಪ್ರತಿಫಲನದ ಭ್ರಮೆ ಹುಟ್ಟಿಸಿದರು. ‘ಮಾನ್‌ಸ್ಟರ್ಸ್ ಯೂನಿವರ್ಸಿಟಿ’ಯಲ್ಲಿ (2013) ಅದೇ ಸಂಸ್ಥೆ ಆ ಲೆಕ್ಕವನ್ನು ಯಂತ್ರಕ್ಕೇ ವಹಿಸಿತು.

ಆದರೂ ಯಾವ ಮೂಲೆ ಕತ್ತಲಲ್ಲಿ ಉಳಿದರೆ ಕತೆಗೆ ಒಳಿತು ಎಂಬುದನ್ನು ಕಲಾವಿದರೇ ತೀರ್ಮಾನಿಸಬೇಕು.