ದಿನವಿಡೀ ದುಡಿಯುವ ಬೆರಳಿಗೆ ವಜ್ರದುಂಗುರ

ಮದುವೆಗೆಂದು ಮಾಡಿಸಿದ ಒಡವೆಗಳಲ್ಲಿ ಹೆಚ್ಚಿನವು ಬೀರುವಿನಲ್ಲೋ ಬ್ಯಾಂಕಿನ ಲಾಕರಿನಲ್ಲೋ ಕಾಲ ಕಳೆಯುತ್ತವೆ. ವಂಕಿ, ಡಾಬು, ಕಾಸಿನ ಸರ ವರ್ಷಕ್ಕೊಂದೆರಡು ಸಲ ಹೊರಬಂದು, ಯಾರದೋ ಮದುವೆಮನೆ ನೋಡಿ, ಮತ್ತೆ ಡಬ್ಬಿ ಸೇರುತ್ತವೆ. ನಿಶ್ಚಿತಾರ್ಥದ ಉಂಗುರ ಮಾತ್ರ ತೊಡಿಸಿದ ದಿನದಿಂದ ಬೆರಳಲ್ಲೇ ಇರುತ್ತದೆ. ಚಪಾತಿ ಹಿಟ್ಟು ನಾದುವಾಗ, ಕುಕ್ಕರ್ ಉಜ್ಜುವಾಗ, ಬಸ್ಸಿನ ಕಂಬಿ ಹಿಡಿದು ನಿಂತಾಗ, ಸ್ಕೂಟರಿನ ಆಕ್ಸಿಲರೇಟರ್ ತಿರುವುವಾಗ, ಮಗುವಿಗೆ ಎಣ್ಣೆ ನೀವುವಾಗ ಅದೂ ಜೊತೆಗಿರುತ್ತದೆ. ಅಂಗಡಿಯಲ್ಲಿ ಆರಿಸುವಾಗ ಈ ಯಾವ ಕೆಲಸವೂ ನೆನಪಿಗೆ ಬರುವುದಿಲ್ಲ. ಮಖಮಲ್ಲಿನ ಮೇಲೆ, ತಲೆ ಮೇಲಿನ ದೀಪಗಳ ಬೆಳಕಿನಲ್ಲಿ, ಹರಳು ಎಷ್ಟು ಮಿನುಗುತ್ತದೆ ಎನ್ನುವುದೊಂದೇ ಕಣ್ಣಿಗೆ ಬೀಳುತ್ತದೆ.

ನಮ್ಮಲ್ಲಿ ನಿಶ್ಚಿತಾರ್ಥವೆಂದರೆ ಮುಖ್ಯವಾಗಿ ತಾಂಬೂಲ ಬದಲಾಯಿಸುವುದು, ಲಗ್ನಪತ್ರಿಕೆ ಓದುವುದು. ಉಂಗುರ ತೊಡಿಸುವ ಶಾಸ್ತ್ರ ಬಹಳಷ್ಟು ಮನೆಗಳಲ್ಲಿ ಈಚಿನ ತಲೆಮಾರುಗಳಲ್ಲಿ ಸೇರಿಕೊಂಡದ್ದು. ಅದಕ್ಕೆ ವಜ್ರ ಬಂದದ್ದು ಇನ್ನೂ ಈಚೆಗೆ. ಆದರೆ ದಿನವೂ ತೊಡುವ ಒಡವೆ ಹೇಗಿರಬೇಕು ಎಂಬ ತಿಳಿವಳಿಕೆ ಹಿರಿಯರಿಗೆ ಚೆನ್ನಾಗಿಯೇ ಇತ್ತು. ಕಾಲುಂಗುರ ನೋಡಿ, ತಾಳಿ ನೋಡಿ, ಗಾಜಿನ ಬಳೆಗಳ ನಡುವೆ ಹಾಕುವ ಚಿನ್ನದ ಬಳೆ ನೋಡಿ. ಎಲ್ಲವೂ ಮೈಗೆ ತಗ್ಗಾಗಿ, ಅಂಚು ದುಂಡಗಾಗಿ, ಎಲ್ಲಿಯೂ ಸಿಕ್ಕಿಕೊಳ್ಳದ ಹಾಗೆ ಇರುತ್ತವೆ. ವಜ್ರದುಂಗುರವನ್ನೂ ಆ ಸಾಲಿನ ಒಡವೆಯೆಂದೇ ಭಾವಿಸಿ ಮಾಡಿಸಬೇಕು. ಹರಳಿಗೆ ಸುರಿಯುವ ಹಣದಲ್ಲಿ ಒಂದು ಪಾಲನ್ನು ಅದನ್ನು ಹಿಡಿದಿಡುವ ಲೋಹಕ್ಕೂ ಕೆಲಸಕ್ಕೂ ತಿರುಗಿಸಬೇಕು.

ವಜ್ರಕ್ಕೆ ಏನೂ ಆಗುವುದಿಲ್ಲ ಎನ್ನುವ ನಂಬಿಕೆ ಅರ್ಧ ಮಾತ್ರ ನಿಜ. ಖನಿಜಗಳ ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ ಅದರದು 10, ಕೊನೆಯ ಅಂಕ. ದೂಳಿನಲ್ಲಿರುವ ಮರಳಿನ ಕಣ 7. ಹಾಗಾಗಿ ಬೇರೆ ಹರಳುಗಳು ವರ್ಷಗಳಲ್ಲಿ ಗೀಚು ಬಿದ್ದು ಮಂಕಾದರೂ ವಜ್ರದ ಮೈ ಹಾಗೆಯೇ ಉಳಿಯುತ್ತದೆ. ಆದರೆ ಗೀಚು ಬೀಳದಿರುವುದು ಬೇರೆ, ಏಟು ತಡೆಯುವುದು ಬೇರೆ. ಎಳೆ ಹಿಡಿದು ಕೊಡಲಿ ಹಾಕಿದರೆ ಸೌದೆ ಸೀಳುವ ಹಾಗೆ, ವಜ್ರದೊಳಗೂ ಇಂಗಾಲದ ಪರಮಾಣುಗಳ ಜೋಡಣೆಯಲ್ಲಿ ನಾಲ್ಕು ದಿಕ್ಕುಗಳಲ್ಲಿ ಸಲೀಸಾಗಿ ಸೀಳುವ ಪದರಗಳಿವೆ. 1905ರಲ್ಲಿ ದಕ್ಷಿಣ ಆಫ್ರಿಕದಲ್ಲಿ ಸಿಕ್ಕಿದ 3,106 ಕ್ಯಾರಟ್‌ನ ಕಲಿನನ್ ವಜ್ರವನ್ನು 1908ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಜೋಸೆಫ್ ಆಶರ್ ಇಬ್ಭಾಗ ಮಾಡಿದ್ದು ಉಕ್ಕಿನ ಅಲಗಿಟ್ಟು, ಮೇಲಿನಿಂದ ಏಟು ಕೊಟ್ಟು. ಗ್ರಾನೈಟ್ ಕಟ್ಟೆಯ ಅಂಚಿಗೆ ಉಂಗುರದ ಕೈ ಜೋರಾಗಿ ತಗುಲಿದರೆ, ಏಟು ಬಿದ್ದ ಕೋನ ಸರಿಯಾಗಿ ಆ ಪದರಕ್ಕೆ ಒದಗಿಬಂದರೆ, ಹರಳಿನ ಅಂಚಿನಿಂದ ಚೂರು ಹಾರುತ್ತದೆ.

ಏಟಿಗೆ ಮೊದಲು ಸಿಕ್ಕುವುದು ಹರಳಿನ ನಡು ಅಂಚು, ವ್ಯಾಪಾರದಲ್ಲಿ ಗರ್ಡಲ್ ಎನ್ನುವ ಭಾಗ. ಇದು ತೀರಾ ತೆಳುವಾಗಿದ್ದರೆ ಸಣ್ಣ ಏಟಿಗೂ ಒಡೆಯುತ್ತದೆ. ಹರಳಿನ ಪ್ರಮಾಣಪತ್ರದಲ್ಲಿ ಬಣ್ಣ, ಶುಭ್ರತೆ, ತೂಕ ಓದಿ ಮುಗಿಸುವ ಜನ ಗರ್ಡಲ್‌ನ ಸಾಲಿಗೆ ಬರುವುದೇ ಇಲ್ಲ. ದಿನಬಳಕೆಯ ಉಂಗುರಕ್ಕೆ ನಾನಂತೂ ಅದನ್ನೇ ಮೊದಲು ಓದಿ ಎನ್ನುತ್ತೇನೆ. 'ವೆರಿ ಥಿನ್' ಎಂದಿದ್ದರೆ ಆ ಹರಳು ಕಿವಿಗೆ ಆದೀತು, ಬೆರಳಿಗೆ ಬೇಡ. ಆಕಾರದ ವಿಷಯವೂ ಹಾಗೆಯೇ. ದುಂಡು ಹರಳಿಗೆ ಮೂಲೆಯಿಲ್ಲ. ಚೌಕದ ಪ್ರಿನ್ಸೆಸ್, ಹನಿಯಾಕಾರದ ಪೇರ್, ಎರಡೂ ತುದಿ ಚೂಪಾದ ಮಾರ್ಕೀಸ್ ಬೇಕೇಬೇಕು ಎನ್ನುವವರು ಪ್ರತಿ ಚೂಪಿಗೂ ಚಿನ್ನದ ಹೊದಿಕೆ ಇರುವಂತೆ ನೋಡಿಕೊಳ್ಳಬೇಕು.

ಆದರೂ ಹರಳು ಒಡೆದು ಹಾಳಾಗುವುದಕ್ಕಿಂತ ಕಳಚಿ ಕಳೆದುಹೋಗುವುದೇ ಹೆಚ್ಚು. ವಜ್ರದುಂಗುರದಲ್ಲಿ ಎಲ್ಲಕ್ಕಿಂತ ಬಡಪಾಯಿ ಅಂಗವೆಂದರೆ ಹರಳನ್ನು ಹಿಡಿದ ಕೊಕ್ಕೆ, ಅಂಗಡಿಯವರ ಬಾಯಲ್ಲಿ ಪ್ರಾಂಗ್. ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಲೂಪ್ ಕಣ್ಣಿಗೆ ಹಿಡಿದು ಹಲವು ವರ್ಷ ತೊಟ್ಟ ಉಂಗುರವನ್ನೊಮ್ಮೆ ನೋಡಬೇಕು. ಹೊಸದರಲ್ಲಿ ಉರುಟಾಗಿ ಉಬ್ಬಿದ್ದ ಕೊಕ್ಕೆಯ ತಲೆ ಸವೆದು, ಹರಳಿನ ಮೇಲೆ ಬರೀ ಒಂದು ತೆಳು ಹಾಳೆಯಾಗಿ ಉಳಿದಿರುತ್ತದೆ. ಒಂದು ಬದಿಯಲ್ಲಿ ಕೊಕ್ಕೆಗೂ ವಜ್ರಕ್ಕೂ ನಡುವೆ ಸಂದು ಬಿಟ್ಟು ಅಲ್ಲಿ ಕಪ್ಪನೆ ಕೊಳೆ ಕಟ್ಟಿರುತ್ತದೆ. ಬರಿಗಣ್ಣಿಗೆ ಅದೇ ಉಂಗುರ ಎಲ್ಲ ಸರಿಯಿದ್ದಂತೆಯೇ ಕಾಣುತ್ತದೆ. ಮನೆಯಲ್ಲಿ ಲೂಪ್ ಇಲ್ಲದವರಿಗೆ ರೇಷ್ಮೆ ಸೀರೆಯೇ ಪರೀಕ್ಷೆ: ಸೆರಗಿನ ಎಳೆ ಉಂಗುರಕ್ಕೆ ಸಿಕ್ಕಿ ಎಳೆದರೆ ಕೊಕ್ಕೆ ಎದ್ದಿದೆ ಎಂದೇ ಅರ್ಥ. ಉಂಗುರವನ್ನು ಕಿವಿಯ ಹತ್ತಿರ ಹಿಡಿದು ಬೆರಳಿನಿಂದ ತಟ್ಟಿ. ಟಿಕ್ ಟಿಕ್ ಎಂದರೆ ಹರಳು ಅಲ್ಲಾಡುತ್ತಿದೆ, ಅವತ್ತೇ ಕಳಚಿಡಬೇಕು.

ಹರಳನ್ನು ಕೊಕ್ಕೆಗಳ ಮೇಲೆ ಎತ್ತರಕ್ಕೇರಿಸುವ ರೂಢಿಯನ್ನು ಜನಪ್ರಿಯ ಮಾಡಿದ್ದು ನ್ಯೂಯಾರ್ಕಿನ ಟಿಫಾನಿ ಕಂಪನಿ, 1886ರಲ್ಲಿ, ಆರು ಕೊಕ್ಕೆಯ ಉಂಗುರದಿಂದ. ಕೆಳಗಿನಿಂದಲೂ ಬೆಳಕು ಆಡಬೇಕು ಎನ್ನುವುದು ಅದರ ಹಿಂದಿನ ಯೋಚನೆ. ಇಂದಿಗೂ ಅಂಗಡಿಗಳಲ್ಲಿ ಎತ್ತರದ ಕಟ್ಟಿಗೆ ಇದನ್ನೇ ಕಾರಣ ಹೇಳುತ್ತಾರೆ. ಆದರೆ ಚೆನ್ನಾಗಿ ಕತ್ತರಿಸಿದ ದುಂಡು ವಜ್ರದ ಹೊಳಪಿಗೆ ಬೆಳಕು ಬರುವುದು ಬಹುಪಾಲು ಮೇಲಿನಿಂದ. ಅದು ಒಳಹೊಕ್ಕು, ಕೆಳಗಿನ ಮುಖಗಳಿಗೆ ಬಡಿದು, ಮೇಲಕ್ಕೇ ಮರಳುತ್ತದೆ. ಈ ಲೆಕ್ಕವನ್ನು ಮಾರ್ಸೆಲ್ ಟೋಲ್ಕೋವ್‌ಸ್ಕಿ 1919ರಲ್ಲೇ ಕೋನಗಳ ಸಮೇತ ಬರೆದು ಪ್ರಕಟಿಸಿದ್ದ. ಹಾಗಿರುವಾಗ ಹರಳಿನ ಸುತ್ತ ಚಿನ್ನದ ಅಂಚು ಕಟ್ಟಿದರೆ ಮಿನುಗು ಸತ್ತುಹೋಗುತ್ತದೆ ಎಂದು ಹೆದರಬೇಕಿಲ್ಲ. ಒಳ್ಳೆಯ ಕಟಿಂಗ್ ಇರುವ ಹರಳು ಅಂಚಿನೊಳಗೆ ಕೂತೂ ಮಿನುಗುತ್ತದೆ; ಕೆಟ್ಟ ಕಟಿಂಗ್‌ನದು ಎಷ್ಟು ಎತ್ತರ ಏರಿಸಿದರೂ ಮಂಕೇ.

ಈ ಸುತ್ತಂಚಿನ ಕಟ್ಟು ನಮಗೆ ಹೊಸದೇನಲ್ಲ. ಅಜ್ಜಿಯರ ಏಳು ಹರಳಿನ ವಜ್ರದ ಬೆಂಡೋಲೆ, ಮೂಗುಬೊಟ್ಟುಗಳಲ್ಲಿ ಹರಳು ಚಿನ್ನದೊಳಗೆ ಹುದುಗಿ ಕೂತಿರುತ್ತದೆ. ಒಂದೊಂದು ಜೊತೆ ಮೂರು ತಲೆಮಾರು ದಾಟಿ ಬಂದಿದೆ, ಒಂದು ಹರಳೂ ಅಲುಗಿಲ್ಲ. ಬೆಂಗಳೂರಿನ ನಗರ್ತಪೇಟೆಯ ಮೇಲಂತಸ್ತಿನ ಕೆಲಸದ ಕೋಣೆಗಳಲ್ಲಿ ಈ ಕೆಲಸ ನೋಡುತ್ತಾ ಕೂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಉಂಗುರವನ್ನು ಕಾಯಿಸಿದ ಅರಗಿನಲ್ಲಿ ಊರಿ ಅಲುಗದಂತೆ ಮಾಡುತ್ತಾರೆ. ಹರಳಿನ ಅಳತೆಗೆ ತಕ್ಕ ಕೊರಕದಿಂದ ಚಿನ್ನದ ಒಳಗೋಡೆಯಲ್ಲಿ ಮೆಟ್ಟಿಲು ಕೆತ್ತುತ್ತಾರೆ. ಹರಳು ಇಟ್ಟು, ತೆಗೆದು, ಕೂದಲೆಳೆಯಷ್ಟು ಕೆರೆದು, ಮತ್ತೆ ಇಡುತ್ತಾರೆ. ಸರಿಯಾಗಿ ಕೂತಿತು ಎನಿಸಿದ ಮೇಲೆ ಅಂಚನ್ನು ಮೊದಲು ಒಂದು ಕಡೆ, ಆಮೇಲೆ ಅದರ ಎದುರು ಕಡೆ, ಹೀಗೆ ಅಡ್ಡಡ್ಡವಾಗಿ ಒತ್ತುತ್ತಾ ಬರುತ್ತಾರೆ. ಒಂದೇ ಕಡೆಯಿಂದ ಸುತ್ತುತ್ತಾ ಒತ್ತಿದರೆ ಹರಳು ವಾರೆಯಾಗುತ್ತದೆ. ಕೊಕ್ಕೆಯ ಕಟ್ಟಿಗಿಂತ ಇದಕ್ಕೆ ಹೆಚ್ಚು ಹೊತ್ತು, ಹೆಚ್ಚು ಚಿನ್ನ, ಹೆಚ್ಚು ಕೂಲಿ. ಕೊಡಬೇಕಾದ ಕೂಲಿಯೇ ಅದು.

ಹಳೆಯ ಓಲೆಯಿಂದ ತೆಗೆದುಕೊಳ್ಳಬಾರದ್ದೂ ಒಂದಿದೆ. ಅದರ ಬೆನ್ನು ಮುಚ್ಚಿರುತ್ತದೆ. ಕಿವಿಗೆ ಅದು ಸರಿ. ಬೆರಳಿನ ಉಂಗುರಕ್ಕೆ ಹಿಂಬದಿ ಮುಚ್ಚಿದರೆ ಸೋಪಿನ ನೀರು, ಹಿಟ್ಟು, ಎಣ್ಣೆ ಒಳಗಿಳಿದು ಹೊರಬರಲು ದಾರಿಯಿಲ್ಲದೆ ಹರಳು ಕಪ್ಪಿಡುತ್ತದೆ. ವಜ್ರಕ್ಕೆ ಜಿಡ್ಡೆಂದರೆ ಅಷ್ಟು ಒಲವು. ಕಿಂಬರ್ಲಿ ಗಣಿಗಳಲ್ಲಿ 19ನೇ ಶತಮಾನದ ಕೊನೆಯಿಂದ ಗ್ರೀಸ್ ಬಳಿದ ಮೇಜಿನ ಮೇಲೆ ಪುಡಿಮಾಡಿದ ಅದಿರನ್ನು ನೀರಿನೊಂದಿಗೆ ಹರಿಸಿ ವಜ್ರ ಬೇರ್ಪಡಿಸುತ್ತಿದ್ದರು. ಉಳಿದ ಕಲ್ಲೆಲ್ಲ ತೊಳೆದುಹೋಗಿ ವಜ್ರ ಮಾತ್ರ ಜಿಡ್ಡಿಗೆ ಅಂಟಿ ಉಳಿಯುತ್ತಿತ್ತು. ಒಗ್ಗರಣೆ ಎಣ್ಣೆ, ಹ್ಯಾಂಡ್ ಕ್ರೀಮು, ಮಗುವಿನ ಎಣ್ಣೆ ಎಲ್ಲಕ್ಕೂ ಅದು ಹಾಗೆಯೇ ಅಂಟುತ್ತದೆ. ಆದ್ದರಿಂದ ಸುತ್ತಂಚು ಇರಲಿ, ಬೆನ್ನು ತೆರೆದಿರಲಿ. ಉಗುರುಬೆಚ್ಚನೆಯ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ ಹಾಕಿ, ಮೆತ್ತನೆಯ ಟೂತ್‌ಬ್ರಷ್‌ನಿಂದ ಹಿಂಬದಿ ಉಜ್ಜಿದರೆ ಕಳೆದುಹೋದ ಹೊಳಪು ವಾಪಸ್ಸು ಬರುತ್ತದೆ. ಬಚ್ಚಲಿನ ಕೊಳವೆಯ ತೂತು ಮುಚ್ಚಿ ಕೆಲಸ ಶುರುಮಾಡಿ.

ಎತ್ತರದ ಪ್ರಶ್ನೆ ಬಂದಾಗ ಹರಳಿನ ತೂಕವನ್ನೂ ಮಾತಾಡಲೇಬೇಕು. ಅರ್ಧ ಕ್ಯಾರಟ್‌ನ, ಅಂದರೆ 50 ಸೆಂಟಿನ, ದುಂಡು ವಜ್ರ ಸುಮಾರು 5 ಮಿ.ಮೀ. ಅಗಲ, 3 ಮಿ.ಮೀ. ಆಳ ಇರುತ್ತದೆ. ಒಂದು ಕ್ಯಾರಟ್‌ನದು ಸುಮಾರು 6.5 ಮಿ.ಮೀ. ಅಗಲ, 4 ಮಿ.ಮೀ. ಆಳ. ತೂಕ ಇಮ್ಮಡಿಯಾದರೂ ಅಗಲ ಹೆಚ್ಚುವುದು ಕಾಲು ಭಾಗದಷ್ಟು ಮಾತ್ರ. ಬೆಲೆ ಇಮ್ಮಡಿಗಿಂತಲೂ ಎಷ್ಟೋ ಮೇಲೆ ಹೋಗುತ್ತದೆ. ಆಳ ಹೆಚ್ಚಿದಷ್ಟೂ ಹರಳು ಬೆರಳಿನಿಂದ ಮೇಲೇಳುತ್ತದೆ. ಲ್ಯಾಬ್‌ನಲ್ಲಿ ಬೆಳೆಸಿದ ವಜ್ರ ಅಗ್ಗವಾದ ಮೇಲೆ ಎರಡು ಕ್ಯಾರಟ್‌ನ ಉಂಗುರ ಕೇಳುವವರಿದ್ದಾರೆ. ಆ ವಜ್ರದ ಬಗ್ಗೆ ನನಗೆ ತಕರಾರಿಲ್ಲ, ಅದೂ ಅದೇ ಇಂಗಾಲ, ಅದೇ ಗಡಸು. ಉಳಿದ ಹಣವನ್ನು ಇನ್ನೂ ದೊಡ್ಡ ಹರಳಿಗೆ ಹಾಕಿ, ತಂತಿಯಂಥ ತೆಳು ಉಂಗುರದ ಮೇಲೆ ಕೂರಿಸುವುದಕ್ಕೆ ತಕರಾರಿದೆ. ತಲೆ ಭಾರವಾದ ಉಂಗುರ ಬೆರಳಲ್ಲಿ ತಿರುಗುತ್ತಲೇ ಇರುತ್ತದೆ, ಹರಳು ಅಂಗೈ ಕಡೆ ಬಂದು ಎಲ್ಲದಕ್ಕೂ ಬಡಿಯುತ್ತದೆ.

ಇನ್ನು ಲೋಹ. ಒಡವೆಯೆಂದರೆ 22 ಕ್ಯಾರಟ್, ಹಾಲ್‌ಮಾರ್ಕಿನ 916, ಎನ್ನುವುದು ನಮ್ಮ ಮನೆಗಳ ಲೆಕ್ಕ. ಆದರೆ ಅಷ್ಟು ಮೆತ್ತನೆಯ ಚಿನ್ನದ ಕೊಕ್ಕೆ ಬೇಗ ಸವೆಯುತ್ತದೆ, ಬೇಗ ಬಗ್ಗುತ್ತದೆ. ದಿನಬಳಕೆಯ ವಜ್ರದುಂಗುರಕ್ಕೆ 18 ಕ್ಯಾರಟ್ (750) ಹದವಾದದ್ದು. 14 ಕ್ಯಾರಟ್ (585) ಇನ್ನೂ ಗಡಸು. ಚಿನ್ನ ಕಡಿಮೆಯಾಯಿತಲ್ಲ ಎಂದು ಅತ್ತೆಯೋ ಅಮ್ಮನೋ ಮುಖ ಸಪ್ಪಗೆ ಮಾಡಿದರೆ ಲೆಕ್ಕ ಹೇಳಿ: 4 ಗ್ರಾಂ ಉಂಗುರದಲ್ಲಿ 22ಕ್ಕೂ 18ಕ್ಕೂ ಅಪ್ಪಟ ಚಿನ್ನದ ವ್ಯತ್ಯಾಸ ಮುಕ್ಕಾಲು ಗ್ರಾಂ ಕೂಡ ಇಲ್ಲ. ಬಿಳಿ ಚಿನ್ನ ಇಷ್ಟಪಡುವವರು ಒಂದು ತಿಳಿದಿರಬೇಕು: ಅದರ ಬೆಳ್ಳಿಬಿಳುಪು ಹೆಚ್ಚಾಗಿ ರೋಡಿಯಂ ಲೇಪದ್ದು, ಸವೆದಂತೆ ಒಳಗಿನ ಹಳದಿ ಛಾಯೆ ಇಣುಕುತ್ತದೆ, ಮತ್ತೆ ಮತ್ತೆ ಲೇಪ ಹಾಕಿಸಬೇಕು. 950 ಗುರುತಿನ ಪ್ಲಾಟಿನಂಗೆ ಆ ತೊಂದರೆಯಿಲ್ಲ. ಗೀಚಿದರೆ ಲೋಹ ಪಕ್ಕಕ್ಕೆ ಸರಿಯುತ್ತದೆಯೇ ಹೊರತು ಚಿನ್ನದಷ್ಟು ಉದುರುವುದಿಲ್ಲ, ಕೊಕ್ಕೆ ಬಹುಕಾಲ ಬಾಳುತ್ತದೆ. ಆದರೆ ಅದು ಕರಗಲು 1,768 ಡಿಗ್ರಿ ಬೇಕು, ಚಿನ್ನಕ್ಕೆ 1,064 ಸಾಕು. ಊರಿನ ಅಕ್ಕಸಾಲಿಗರೆಲ್ಲರ ಬಳಿ ಅದನ್ನು ರಿಪೇರಿ ಮಾಡುವ ಸಲಕರಣೆ ಇರುವುದಿಲ್ಲ.

ಉಂಗುರದ ಸುತ್ತು ಎಲ್ಲಕ್ಕಿಂತ ಬೇಗ ಸವೆಯುವುದು ಅಂಗೈ ಬದಿಯಲ್ಲಿ. ಅಲ್ಲಿ ದಪ್ಪ 1.5 ಮಿ.ಮೀ.ಗಿಂತ ಕಡಿಮೆ ಬೇಡ, 1.8 ಇದ್ದರೆ ನೆಮ್ಮದಿ. ತೂಕ ಉಳಿಸಲು ಒಳಬದಿಯನ್ನು ಟೊಳ್ಳು ಮಾಡಿರುತ್ತಾರೆ. ತಿರುಗಿಸಿ ನೋಡಿ, ಟೊಳ್ಳಿದ್ದರೆ ಬೇಡವೆನ್ನಿ. ಸುತ್ತಲೂ ಸಾಸಿವೆ ಕಾಳಿನಂಥ ವಜ್ರಗಳನ್ನು ಜೋಡಿಸಿದ ಉಂಗುರ ನೋಡಲು ಚೆಂದ, ದಿನಬಳಕೆಗೆ ಕಷ್ಟ. ಕಾಣದಷ್ಟು ಸಣ್ಣ ಕೊಕ್ಕೆಗಳು ಒಂದೊಂದಾಗಿ ಸವೆಯುತ್ತವೆ, ಬಸುರಿನಲ್ಲೋ ವಯಸ್ಸಿನಲ್ಲೋ ಬೆರಳು ದಪ್ಪವಾದಾಗ ಸೈಜು ದೊಡ್ಡದು ಮಾಡಲೂ ಆಗುವುದಿಲ್ಲ. ಪಕ್ಕದ ಬೆರಳಲ್ಲಿ ನವರತ್ನದ ಉಂಗುರವಿದ್ದರೆ ಅದರ ಮುತ್ತು, ಹವಳಗಳನ್ನು ಈ ವಜ್ರ ಗೀಚುತ್ತದೆ, ಎರಡನ್ನೂ ಬೇರೆ ಬೇರೆ ಕೈಗೆ ಹಾಕುವುದು ಮೇಲು.

ಸೈಜು ಬದಲಿಸಲು, ಕೊಕ್ಕೆಗೆ ಚಿನ್ನ ಸೇರಿಸಲು ಬೆಸುಗೆಯ ಬೆಂಕಿ ಬೇಕು. 700–800 ಡಿಗ್ರಿ ಸೆಲ್ಸಿಯಸ್ ದಾಟಿದರೆ ವಜ್ರದ ಮೈ ಗಾಳಿಯಲ್ಲಿ ಸುಟ್ಟು ಮಸುಕಾಗುತ್ತದೆ. ಹರಳು ಬಿಚ್ಚಿ ಬೆಸೆಯುತ್ತೀರೋ, ಬೋರಿಕ್ ಪುಡಿಯ ಲೇಪ ಹಾಕಿ ಬೆಸೆಯುತ್ತೀರೋ ಎಂದು ಮೊದಲೇ ಕೇಳಿ. ಪ್ರಮಾಣಪತ್ರವಿರುವ ಬಹಳಷ್ಟು ವಜ್ರಗಳ ಗರ್ಡಲ್ ಮೇಲೆ ಲೇಸರಿನಿಂದ ಬರೆದ ಸಂಖ್ಯೆಯಿರುತ್ತದೆ. ಕೊಡುವಾಗಲೂ ವಾಪಸ್ಸು ಪಡೆಯುವಾಗಲೂ ಅದನ್ನು ಲೂಪ್‌ನಲ್ಲಿ ತೋರಿಸಿ ಎನ್ನಲು ಸಂಕೋಚ ಬೇಡ. ಹಾಲ್‌ಮಾರ್ಕ್ ಮತ್ತು ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಚಿನ್ನದ ಶುದ್ಧತೆಗೆ ಮಾತ್ರ ಸಾಕ್ಷಿ. ಹರಳಿಗೆ ಅದು ಸಾಕ್ಷಿಯಲ್ಲ.

ಕಳಚಿಡಬೇಕಾದ ಹೊತ್ತುಗಳೂ ಇವೆ. ಈಜುಕೊಳದ ಕ್ಲೋರಿನ್, ಬಟ್ಟೆಯ ಬ್ಲೀಚು ಚಿನ್ನದಲ್ಲಿ ಬೆರೆತ ಲೋಹಗಳನ್ನು ಕೊರೆದು ಕೊಕ್ಕೆಯಲ್ಲಿ ಬಿರುಕು ಹುಟ್ಟಿಸುತ್ತವೆ. ಜಿಮ್ಮಿನ ಕಬ್ಬಿಣದ ಸರಳು ದುಂಡು ಉಂಗುರವನ್ನು ಮೊಟ್ಟೆಯಾಕಾರಕ್ಕೆ ತರುತ್ತದೆ. ಪಾದರಸದ ಥರ್ಮಾಮೀಟರ್ ಒಡೆದು ಹನಿ ತಗುಲಿದರೆ ಚಿನ್ನ ಬೆಳ್ಳಗಾಗಿ ಕೆಡುತ್ತದೆ. ದಾದಿಯರಿಗೆ ಈ ಮಾತು ಹೊಸದಲ್ಲ.

ಹೇಳಿ ಮಾಡಿಸುವ ಉಂಗುರದಲ್ಲಿ ಎರಕಕ್ಕೆ ಮುಂಚೆ ಮೇಣದ್ದೋ ರೆಸಿನ್‌ನದ್ದೋ ಅಚ್ಚು ಬರುತ್ತದೆ. ಬಹಳ ಜನ ಅದರ ಫೋಟೊ ನೋಡಿ ಸರಿ ಎಂದುಬಿಡುತ್ತಾರೆ. ಅಂಗಡಿಗೆ ಹೋಗಿ, ಅಣ್ಣಾ ಸ್ವಲ್ಪ ಕೊಡಿ ಎಂದು ಕೇಳಿ, ಬೆರಳಿಗೆ ಹಾಕಿಕೊಳ್ಳಿ. ಹಗುರ ಕೈಯಿಂದ ಜೇಬಿಗೆ, ಹ್ಯಾಂಡ್‌ಬ್ಯಾಗಿಗೆ ಕೈಹಾಕಿ ತೆಗೆಯಿರಿ, ದುಪಟ್ಟಾ ಸರಿಮಾಡಿಕೊಳ್ಳಿ, ಮುಷ್ಟಿ ಕಟ್ಟಿ ಪಕ್ಕದ ಬೆರಳಿಗೆ ಒತ್ತುತ್ತದೆಯೇ ನೋಡಿ. ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಅರ್ಧ ಮಿಲಿಮೀಟರ್ ಕೆರೆಯುವುದು ಆ ಹೊತ್ತಿಗೆ ಕೆಲವೇ ನಿಮಿಷದ ಕೆಲಸ. ಚಿನ್ನ ಹೊಯ್ದು ಹರಳು ಕೂರಿಸಿದ ಮೇಲೆ ಹರಳನ್ನು ಬಿಚ್ಚದೆ ಆ ಎತ್ತರ ಇಳಿಸಲು ಆಗುವುದಿಲ್ಲ.